ಐದು ಎಕರೆ ಹೊಲ ಮತ್ತು ಚಿಗರಿಯ ಹಿಂಡು

ಗದಗ ಸೀಮೆಯ ಎರೆಯ ಭೂಮಿಯಲ್ಲಿ ಮುಂಗಾರಿನ ಹದಮಳೆ ಬಿದ್ದು, ಬಿತ್ತಿದ ಹೆಸರು ಎರಡೆಲೆಯಾಗಿ ಮೇಲಕ್ಕೆದ್ದಿತೆಂದರೆ ಒಕ್ಕಲಿಗನ ಮನೆಯಲ್ಲಿ ಸಂತೋಷದೊಡನೆ ಒಂದು ಆತಂಕವೂ ಹುಟ್ಟುತ್ತದೆ. ಬೆಳಗಿನ ಜಾವದಲ್ಲಿ ಚಿಗರಿಯ ಹಿಂಡೊಂದು ಹೊಲಕ್ಕಿಳಿದರೆ, ಹೊತ್ತೇರುವಷ್ಟರಲ್ಲಿ ಸಾಲುಸಾಲಾಗಿ ಸಸಿಗಳ ಕುಡಿ ಮಾಯವಾಗಿರುತ್ತದೆ. ಬೀಜ, ಗೊಬ್ಬರ, ಬಿತ್ತನೆಯ ಕೂಲಿ ಇವೆಲ್ಲವೂ ಸಾಲದಿಂದಲೇ ಬಂದಿರುವ ಮನೆಗೆ ಇದು ಸಣ್ಣ ಮಾತಲ್ಲ. ಎರಡನೆಯ ಸಲ ಬಿತ್ತೋಣವೆಂದರೆ ಹದ ತಪ್ಪಿರುತ್ತದೆ. ಹಿಂಡನ್ನು ಓಡಿಸಿದರೆ ಅದು ನೆರೆಯವನ ಹೊಲಕ್ಕೆ ಹೋಗುತ್ತದೆ. ಕೊಂದರೆ ಕೊಂದವನು ಸೆರೆಮನೆಗೆ ಹೋಗುತ್ತಾನೆ.

ಹೀಗಿರುವಲ್ಲಿ ಸಣ್ಣ ಹಿಡುವಳಿದಾರನು ಏನು ಮಾಡಬೇಕು? ಮೇಯುವ ಕಾಡುಪ್ರಾಣಿಗಳ ಸಂಖ್ಯೆಯನ್ನು ಹದದಲ್ಲಿಡುವುದು ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಆ ಶಾಸ್ತ್ರದ ಮೂಲಸೂತ್ರಗಳು ಯಾವುವು, ಅವು ನಮ್ಮ ಎರೆಯ ಹೊಲಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಪ್ರಾಣಿಯ ಪರಿಚಯ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಚಿಗರಿಯೆಂದು ಕರೆಯಲ್ಪಡುವ ಈ ಪ್ರಾಣಿಗೆ ಗ್ರಂಥಗಳಲ್ಲಿ ಕೃಷ್ಣಮೃಗವೆಂದೂ ವರ್ತಮಾನಪತ್ರಿಕೆಗಳಲ್ಲಿ ಜಿಂಕೆಯೆಂದೂ ಹೆಸರು. ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ತ್ವರಿತ ಬಸ್ಸಿಗೂ ಇದರ ಹೆಸರನ್ನೇ ಇಟ್ಟಿದ್ದಾರೆ. ಓಟದಲ್ಲಿ ತಾಸಿಗೆ ೮೦ ಕಿಲೋಮೀಟರಿನ ಸಮೀಪಕ್ಕೆ ಹೋಗಬಲ್ಲ ಪ್ರಾಣಿಗೆ ಇದು ತಕ್ಕ ಮರ್ಯಾದೆಯೇ ಸರಿ. ಪ್ರಾಣಿಶಾಸ್ತ್ರಜ್ಞರು ಇದನ್ನು ಆಂಟಿಲೋಪೆ ಸರ್ವಿಕಾಪ್ರಾ ಎಂದು ಕರೆಯುತ್ತಾರೆ. ನಿಜವಾಗಿ ನೋಡಿದರೆ ಚಿಗರಿಯು ಜಿಂಕೆಯಲ್ಲ. ಚುಕ್ಕೆಜಿಂಕೆ, ಕಡವೆ ಮುಂತಾದವುಗಳ ಗಂಡಿಗೆ ಕವಲೊಡೆದ ಗಟ್ಟಿ ಕೊಂಬುಗಳಿದ್ದು ಅವು ಕಾಲಕಾಲಕ್ಕೆ ಉದುರಿ ಮತ್ತೆ ಹುಟ್ಟುತ್ತವೆ. ಚಿಗರಿಯ ಕೊಂಬಾದರೋ ಆಕಳು ಆಡುಗಳ ಕೊಂಬಿನಂತೆ ಒಳಗೆ ಎಲುಬು, ಹೊರಗೆ ಟೊಳ್ಳು ಕೋಶ. ಕವಲಿಲ್ಲದೆ ತಿರುಪಿನಂತೆ ಸುತ್ತಿಕೊಂಡು ಬೆಳೆಯುವುದು, ಉದುರುವುದಿಲ್ಲ. ಆದುದರಿಂದ ಇದು ಎರಳೆಗಳ ಗುಂಪಿಗೆ, ಅಂದರೆ ದನದ ಕುಲಕ್ಕೆ ಸೇರಿದ್ದು.

ಇದು ಬರಿಯ ಹೆಸರಿನ ಚರ್ಚೆಯಲ್ಲ. ಜಿಂಕೆ ಕಡವೆಗಳು ಗಿಡಮರಗಳ ಮರೆಯನ್ನು ಆಶ್ರಯಿಸುತ್ತವೆ. ಚಿಗರಿಗೆ ಮರೆಯೆಂದರೆ ಭಯ. ದೂರದಿಂದಲೇ ಶತ್ರುವನ್ನು ಕಂಡು ಓಡುವುದೇ ಅದರ ರಕ್ಷಣೆಯಾದುದರಿಂದ ಬಟ್ಟಬಯಲೇ ಅದಕ್ಕೆ ಬೇಕು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತೀರ್ಣ ೨೪೪ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಕಾಡು ಇಷ್ಟು ಸಮೀಪವಿರುವಾಗ ಇವು ಹೊಲಕ್ಕೇಕೆ ಬರುತ್ತವೆ ಎಂದು ಕೇಳುವವರಿದ್ದಾರೆ. ಗುಡ್ಡದ ಇಳಿಜಾರು, ಕುರುಚಲು ಕಾಡುಗಳು ಚಿಗರಿಗೆ ಒಪ್ಪುವ ನೆಲೆಗಳಲ್ಲ. ಒಪ್ಪುವ ಹುಲ್ಲುಬಯಲನ್ನು ನಾವು ತಲೆತಲಾಂತರದಿಂದ ಉತ್ತು ಹೊಲ ಮಾಡಿಕೊಂಡಿದ್ದೇವೆ. ಅದರ ಲೆಕ್ಕದಲ್ಲಿ ಹೊಲವೇ ಮನೆ.

ಹಿಂದಿನ ಕಾಲದಲ್ಲಿ ಇದರ ಸಂಖ್ಯೆಯನ್ನು ಹಿಡಿದಿಟ್ಟವರು ಇಬ್ಬರು: ಮಾಂಸಾಹಾರಿ ಮೃಗಗಳು ಮತ್ತು ಬೇಟೆಗಾರರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ಪ್ರಕರಣವೇ ಇದೆ. ಕೊಲ್ಲಾಪುರದ ಅರಸರು ಪಳಗಿಸಿದ ಚೀತಾಗಳನ್ನು ಚಿಗರಿಯ ಮೇಲೆ ಬಿಡುತ್ತಿದ್ದರು. ಮುಧೋಳದ ನಾಯಿ ಹೆಸರಾದುದು ಬೇಟೆಯಿಂದಲೇ. ಅಂಥ ಸಂಸ್ಥಾನಗಳಲ್ಲಿ ಬೇಟೆಯ ಹಕ್ಕು ಅರಸನದಾದುದರಿಂದ, ಮೃಗಗಳನ್ನು ಎಷ್ಟು ಉಳಿಸಬೇಕು ಎಷ್ಟು ಕೊಲ್ಲಬೇಕು ಎಂಬುದನ್ನು ನಿರ್ಣಯಿಸುವವನೂ ಅವನೇ ಆಗಿದ್ದನು. ಮುಂದೆ ಜೀಪು ಮತ್ತು ರೈಫಲು ಬಂದವು. ರಾತ್ರಿಯಲ್ಲಿ ದೀಪದ ಬೆಳಕು ಬಿಟ್ಟು ಹೊಡೆಯುವವರಿಗೆ ಚಿಗರಿಯ ಓಟವೂ ದೃಷ್ಟಿಯೂ ಅಡ್ಡಿಯಾಗಲಿಲ್ಲ. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ದೇಶದ ಎಷ್ಟೋ ಬಯಲುಗಳಿಂದ ಇದು ಅಳಿದುಹೋಯಿತು. ೧೯೫೨ರಲ್ಲಿ ಭಾರತದ ಚೀತಾ ನಿರ್ವಂಶವಾಯಿತೆಂದು ಸಾರಲಾಯಿತು. ಬಯಲಿನಲ್ಲಿ ಉಳಿದ ಮುಖ್ಯ ಶತ್ರುವೆಂದರೆ ತೋಳವೊಂದೇ, ಅದೂ ವಿರಳವಾಗುತ್ತ ಬಂದಿದೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಕಥೆಯ ದಿಕ್ಕನ್ನು ತಿರುಗಿಸಿತು. ಕೃಷ್ಣಮೃಗವು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವನಿಗೆ ೩ ವರ್ಷಕ್ಕೆ ಕಡಿಮೆಯಿಲ್ಲದ, ೭ ವರ್ಷಗಳವರೆಗಿನ ಕಾರಾಗೃಹವಾಸವೂ ದಂಡವೂ ವಿಧಿಸಲ್ಪಡುತ್ತವೆ. ಈ ಅನುಸೂಚಿಯ ಪ್ರಾಣಿಯು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದರೆ, ಇಲ್ಲವೆ ಗುಣವಾಗದಷ್ಟು ಗಾಯಗೊಂಡೋ ರೋಗಗ್ರಸ್ತವಾಗಿಯೋ ಇದ್ದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ಕೊಲ್ಲಲು ಅಪ್ಪಣೆ ಕೊಡಬಹುದು. ಬೆಳೆ ತಿಂದಿತೆಂಬುದು ಸಾಕಾಗುವ ಕಾರಣವಲ್ಲ. ಇದನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸುವುದಕ್ಕೂ ಕಾಯಿದೆಯಲ್ಲಿ ಅವಕಾಶವಿಲ್ಲ.

ಬೇರೆ ದೇಶಗಳ ಪದ್ಧತಿ ಬೇರೆಯಾಗಿದೆ. ವಿಚಿತ್ರವೇನೆಂದರೆ, ನಮ್ಮ ಚಿಗರಿಯೇ ಅಲ್ಲಿಯೂ ಉದಾಹರಣೆಯಾಗಿ ಸಿಗುತ್ತದೆ. ೧೯೩೨ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತಕ್ಕೆ ಕೆಲವು ಚಿಗರಿಗಳನ್ನು ಒಯ್ದು ಬಿಟ್ಟರು. ಅಲ್ಲಿನ ಹುಲ್ಲುಗಾವಲು ಅವಕ್ಕೆ ಒಗ್ಗಿ, ಇಂದು ಖಾಸಗಿ ಜಮೀನುಗಳಲ್ಲಿ ಸಾವಿರಾರು ಚಿಗರಿಗಳಿವೆ. ಎತ್ತರದ ಬೇಲಿಯೊಳಗೆ ಅವನ್ನು ಬೆಳೆಸಿ, ಬೇಟೆಯ ಶೋಕಿಯುಳ್ಳವರಿಂದ ಹಣ ಪಡೆದು ಹೊಡೆಯಗೊಡುವುದು ಅಲ್ಲಿಯ ಜಮೀನುದಾರರ ಒಂದು ಉದ್ಯಮ. ಪಾಕಿಸ್ತಾನದಲ್ಲಿ ಚಿಗರಿಯು ಅಳಿದುಹೋದಾಗ, ೧೯೭೦ರ ದಶಕದಲ್ಲಿ ಮರಳಿ ಬೀಜಕ್ಕೆಂದು ಪ್ರಾಣಿಗಳನ್ನು ತಂದುದು ಈ ಟೆಕ್ಸಾಸಿನಿಂದಲೇ! ಆದರೆ ಅಲ್ಲಿಯ ಒಬ್ಬೊಬ್ಬ ಜಮೀನುದಾರನ ಬೇಲಿಯೊಳಗೆ ನೂರಾರು, ಸಾವಿರಾರು ಎಕರೆ ಇರುವುದೆಂಬುದನ್ನು ಮರೆಯಬಾರದು. ಹಿಂಡಿನ ಸಂಚಾರಕ್ಷೇತ್ರವೇ ಒಬ್ಬನ ಕೈಯಲ್ಲಿರುವಾಗ ಅದರ ಲೆಕ್ಕವಿಡುವುದು ಸುಲಭ.

ನಮ್ಮಲ್ಲಿ ಹಾಗಿಲ್ಲ. ಹುಲಕೋಟಿಯ ಸುತ್ತಲಿನ ಎರೆಯಲ್ಲಿ ಐದು ಎಕರೆಯ ಒಂದು ಹೊಲವನ್ನು ಊಹಿಸಿಕೊಳ್ಳೋಣ. ಒಂದು ಚದರ ಕಿಲೋಮೀಟರಿಗೆ ೨೪೭ ಎಕರೆ. ಅಂದರೆ ಅಂಥ ಸುಮಾರು ೫೦ ಹೊಲಗಳು. ಒಂದು ಹಿಂಡು ವರ್ಷದಲ್ಲಿ ನಾಲ್ಕು ಚದರ ಕಿಲೋಮೀಟರು ಸುತ್ತಾಡುತ್ತದೆಂದು ಇಟ್ಟುಕೊಂಡರೂ ಅದು ೨೦೦ ಒಡೆಯರ ನೆಲವನ್ನು ತುಳಿಯುತ್ತದೆ. ಈ ೨೦೦ ಜನರಲ್ಲಿ ಒಬ್ಬನು ಮಾಡುವ ಯಾವ ಉಪಾಯವೂ ಹಿಂಡಿನ ಸಂಖ್ಯೆಯನ್ನು ಬದಲಿಸಲಾರದು. ಹಿಂಡು ಆ ದಿನ ಎಲ್ಲಿ ಮೇಯುವುದೆಂಬುದನ್ನು ಮಾತ್ರ ಬದಲಿಸಬಲ್ಲದು. ಸಂಖ್ಯೆಯ ನಿರ್ವಹಣೆಗೆ ಅಳತೆಗೋಲು ಹಿಂಡಿನ ಸಂಚಾರಕ್ಷೇತ್ರವೇ ಹೊರತು ಒಡೆತನದ ಬದುವಲ್ಲ. ನಮ್ಮಲ್ಲಿ ನಡೆಯುತ್ತಿರುವ ಎಷ್ಟೋ ವ್ಯರ್ಥಶ್ರಮಕ್ಕೆ ಈ ಒಂದು ಸೂತ್ರದ ಅಲಕ್ಷ್ಯವೇ ಕಾರಣವೆಂದು ನಮಗೆ ತೋರುತ್ತದೆ.

ಈ ತೊಡಕನ್ನು ಜರ್ಮನಿಯವರು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿಯ ಕಾಯಿದೆಯಂತೆ ಒಂದೇ ಕಡೆ ೭೫ ಹೆಕ್ಟೇರು, ಅಂದರೆ ೧೮೫ ಎಕರೆಯಷ್ಟು ನೆಲವುಳ್ಳವನಿಗೆ ಮಾತ್ರ ತನ್ನದೇ ಆದ ಬೇಟೆಯ ಕ್ಷೇತ್ರವುಂಟು. ಅದಕ್ಕಿಂತ ಸಣ್ಣ ಹಿಡುವಳಿಗಳ ಒಡೆಯರೆಲ್ಲರೂ ಸೇರಿ ಒಂದು ಸಹಕಾರ ಮಂಡಲಿಯಾಗುತ್ತಾರೆ. ಆ ಮಂಡಲಿಯು ಬೇಟೆಯ ಹಕ್ಕನ್ನು ಗುತ್ತಿಗೆಗೆ ಕೊಡುತ್ತದೆ. ಮೃಗಗಳಿಂದ ಸದಸ್ಯನ ಬೆಳೆ ಹಾಳಾದರೆ ನಷ್ಟ ತುಂಬಿಕೊಡುವ ಹೊಣೆಯೂ ಅದರದೇ, ಅಥವಾ ಗುತ್ತಿಗೆ ಹಿಡಿದವನದು. ಬೇಟೆಯು ನಮಗೆ ಸಲ್ಲದು. ಆದರೆ ಸಣ್ಣ ಒಡೆಯರು ಕೂಡಿ ಒಂದು ದೊಡ್ಡ ಕ್ಷೇತ್ರವಾಗುವುದು ಗದಗ ಸೀಮೆಗೆ ಹೊಸ ವಿಚಾರವೇ? ಭಾರತದ ಮೊದಲ ಕೃಷಿ ಸಹಕಾರ ಸಂಘವು ೧೯೦೫ರಲ್ಲಿ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಹುಲಕೋಟಿಯಂತೂ ಸಹಕಾರ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೆಸರಾದ ಊರು.

ಸಂಖ್ಯೆಯ ಗಣಿತ

ಹಿಂಡು ಹೇಗೆ ಬೆಳೆಯುತ್ತದೆಂಬುದನ್ನು ಈಗ ಲೆಕ್ಕ ಮಾಡಿ ನೋಡೋಣ. ಅಂಕೆಗಳು ಕಲ್ಪಿತ, ರೀತಿ ಮಾತ್ರ ನಿಜವಾದುದು. ೪೦ ಹೆಣ್ಣು, ೨೦ ಗಂಡು, ಒಟ್ಟು ೬೦ ಪ್ರಾಯದ ಚಿಗರಿಗಳಿವೆಯೆಂದಿಟ್ಟುಕೊಳ್ಳಿ. ಚಿಗರಿಯು ಸುಮಾರು ಐದಾರು ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಹೆಣ್ಣಿಗೆ ವರ್ಷಕ್ಕೊಂದರಂತೆ ೪೦ ಮರಿಗಳು. ನಾಯಿ, ತೋಳ, ರೋಗಗಳಿಗೆ ಅರ್ಧ ಹೋಗಿ ೨೦ ಉಳಿದವು. ದೊಡ್ಡವುಗಳಲ್ಲಿ ಹತ್ತಕ್ಕೊಂದರಂತೆ ೬ ಸತ್ತವು. ವರ್ಷಾಂತ್ಯಕ್ಕೆ ೫೪ಕ್ಕೆ ೨೦ ಕೂಡಿ ೭೪. ಇದೇ ಪ್ರಮಾಣ ನಡೆದರೆ ಮೂರು ವರ್ಷ ಕಳೆದು ಸ್ವಲ್ಪದರಲ್ಲಿಯೇ ಹಿಂಡು ಇಮ್ಮಡಿಸುತ್ತದೆ.

ಇನ್ನು ವರ್ಷಾರಂಭದಲ್ಲಿ ಹತ್ತನ್ನು ಬೇರೆಡೆಗೆ ಸಾಗಿಸಿದೆವೆನ್ನೋಣ. ಸಾಗಿಸಿದ ಹತ್ತೂ ಗಂಡಾಗಿದ್ದರೆ? ೪೦ ಹೆಣ್ಣುಗಳೂ ಇದ್ದೇ ಇವೆ, ಮರಿಗಳು ೪೦ಕ್ಕೆ ಒಂದೂ ಕಡಿಮೆಯಾಗುವುದಿಲ್ಲ, ೨೦ ಉಳಿಯುತ್ತವೆ. ೫೦ ದೊಡ್ಡವುಗಳಲ್ಲಿ ೫ ಸಾಯುತ್ತವೆ. ಕೊನೆಗೆ ೬೫. ಸಾಗಿಸಿದ ಹತ್ತೂ ಹೆಣ್ಣಾಗಿದ್ದರೆ ೩೦ ಮರಿ ಹುಟ್ಟಿ ೧೫ ಉಳಿದು, ಕೊನೆಗೆ ೬೦. ಕಳೆದದ್ದು ಎರಡು ಸಲವೂ ಹತ್ತೇ. ಮೊದಲನೆಯದರಲ್ಲಿ ೫೦ಕ್ಕೆ ೧೫ ಕೂಡಿದವು, ಎರಡನೆಯದರಲ್ಲಿ ೧೦ ಮಾತ್ರ. ವರ್ಷವರ್ಷಕ್ಕೂ ಈ ಅಂತರ ಹಿಗ್ಗುತ್ತ ಹೋಗುತ್ತದೆ. ಕರಿಯ ಮೈ, ಸುರುಳಿಗೊಂಬುಗಳಿಂದ ಎಲ್ಲರ ಕಣ್ಣು ಸೆಳೆಯುವುದು ಗಂಡು. ಹಿಂಡಿನ ಭವಿಷ್ಯವನ್ನು ಹೊತ್ತಿರುವುದು ಕಂದುಬಣ್ಣದ, ಕೊಂಬಿಲ್ಲದ ಹೆಣ್ಣು.

ಅಮೆರಿಕದ ಬೇಟೆಗಾರರು ಈ ಪಾಠವನ್ನು ಕಷ್ಟಪಟ್ಟು ಕಲಿತರು. ಅಲ್ಲಿಯ ಬಿಳಿಬಾಲದ ಜಿಂಕೆ ಅಳಿಯುವಂತಾದಾಗ ಹಲವು ಪ್ರಾಂತಗಳು ಗಂಡನ್ನು ಮಾತ್ರ ಹೊಡೆಯಬೇಕೆಂದು ವಿಧಿಸಿದವು. ಹೆಣ್ಣುಗಳು ಉಳಿದವು, ಸಂಖ್ಯೆ ಉಕ್ಕಿತು, ಕಾಡಿನ ಎಳೆಗಿಡಗಳೆಲ್ಲ ತಿಂದುಹೋಗಿ ಚಳಿಗಾಲದಲ್ಲಿ ಜಿಂಕೆಗಳೇ ಹಸಿವಿನಿಂದ ಸಾಯತೊಡಗಿದವು. ವನ್ಯಮೃಗ ನಿರ್ವಹಣೆಯ ಶಾಸ್ತ್ರಕ್ಕೆ ೧೯೩೩ರಲ್ಲಿ ಮೊದಲ ಪಠ್ಯಗ್ರಂಥವನ್ನು ಬರೆದ ಆಲ್ಡೊ ಲಿಯೊಪೋಲ್ಡನು, ಹೆಣ್ಣುಗಳನ್ನೂ ಕಡಿಮೆ ಮಾಡಬೇಕೆಂದು ವಿಸ್ಕಾನ್ಸಿನ್ ಪ್ರಾಂತದಲ್ಲಿ ೧೯೪೩ರ ಸುಮಾರಿಗೆ ವಾದಿಸಿ ಜನರ ಕೋಪಕ್ಕೆ ಗುರಿಯಾದನು. ಒಂದು ನೆಲವು ಹಾಳಾಗದೆ ಎಷ್ಟು ಪ್ರಾಣಿಗಳನ್ನು ಸಾಕಬಲ್ಲದೋ ಅದಕ್ಕೆ ಆ ನೆಲದ ಧಾರಣಶಕ್ತಿ ಎನ್ನುತ್ತಾರೆ. ಅದನ್ನು ನಿಶ್ಚಯಿಸುವುದು ವರ್ಷದ ಅತ್ಯಂತ ಬಡ ಕಾಲ. ಅವರಿಗೆ ಅದು ಹಿಮದ ಚಳಿಗಾಲ; ನಮಗೆ ಏಪ್ರಿಲ್, ಮೇ ತಿಂಗಳ ಬಿಸಿಲು.

ಬೆಳೆಯ ಕಡೆಯಿಂದ ನೋಡಿದರೆ

ಬೇಸಗೆಯಲ್ಲಿ ಎರೆಯ ಹೊಲವು ಬರಿದಾಗಿ ಬಿರುಕು ಬಿಟ್ಟಿರುತ್ತದೆ. ಗಾಯರಾಣದ ಹುಲ್ಲು ಒಣಗಿರುತ್ತದೆ ಅಥವಾ ಗಾಯರಾಣವೇ ಒತ್ತುವರಿಯಾಗಿರುತ್ತದೆ. ಚಿಗರಿಗಳು ಬಳ್ಳಾರಿ ಜಾಲಿಯ ಕಾಯಿಗಳನ್ನೂ ತಿಂದು ಕಾಲ ಕಳೆಯುತ್ತವೆ. ಅಷ್ಟರಲ್ಲಿ ಮಳೆಯಾಗಿ, ಸುತ್ತಲಿನ ಹುಲ್ಲು ಚಿಗುರುವುದಕ್ಕೂ ಮೊದಲೇ ಹೊಲದಲ್ಲಿ ಹೆಸರು, ಶೇಂಗಾ ಮೊಳೆಯುತ್ತವೆ. ಹಸಿದ ಪ್ರಾಣಿಗೆ ಕಾಣುವ ಮೊದಲ ಹಸಿರು ರೈತನದು. ಆದುದರಿಂದ ಹಾನಿಯೆಲ್ಲ ವರ್ಷವಿಡೀ ಸಮನಾಗಿ ಹಂಚಿಹೋಗುವುದಿಲ್ಲ. ಬಿತ್ತನೆಯಾದ ಮೂರು ನಾಲ್ಕು ವಾರಗಳಲ್ಲಿ ಅದರ ಭಾರವೆಲ್ಲ ಬೀಳುತ್ತದೆ.

ಎಲ್ಲ ಬೆಳೆಗಳೂ ಒಂದೇ ರೀತಿ ಸೋಲುವುದಿಲ್ಲವೆಂಬುದನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಹೆಸರಿನ ಬೀಜದಳಗಳು ಮೊಳೆಯುವಾಗ ನೆಲದ ಮೇಲಕ್ಕೆ ಬರುತ್ತವೆ. ಅವುಗಳ ಕೆಳಗೆ ಕಡಿದರೆ ಮತ್ತೆ ಚಿಗುರಲು ಮೊಗ್ಗೇ ಇರುವುದಿಲ್ಲ, ಸಸಿ ಸತ್ತಂತೆಯೇ. ಕಡಲೆಯ ಬೀಜದಳಗಳು ಮಣ್ಣಿನೊಳಗೇ ಉಳಿಯುವುದರಿಂದ ಮೇಲಿನ ಕುಡಿ ಹೋದರೂ ಬುಡದಿಂದ ಹೊಸ ಟಿಸಿಲು ಬರುತ್ತದೆ. ಕವಲು ಹೆಚ್ಚಲೆಂದು ನಮ್ಮ ರೈತರೇ ಕಡಲೆಯ ಕುಡಿಯನ್ನು ಚಿವುಟಿ, ಆ ಸೊಪ್ಪನ್ನು ಪಲ್ಯಕ್ಕೆ ಬಳಸುವುದುಂಟಷ್ಟೆ! ಜೋಳದ ಬೆಳವಣಿಗೆಯ ತುದಿಯು ಮೊದಲ ಕೆಲವು ವಾರ ಮಣ್ಣಿನ ಮಟ್ಟದ ಕೆಳಗಿರುತ್ತದೆ. ಎಲೆ ಮೇಯ್ದರೂ ಸಸಿ ಚೇತರಿಸಿಕೊಳ್ಳಬಲ್ಲದು. ಅಂದಮೇಲೆ ಕಾವಲಿನ ಶಕ್ತಿಯೆಲ್ಲವನ್ನೂ ಹೆಸರಿನ ಮೊದಲ ವಾರಗಳಿಗೆ ಮೀಸಲಿಡುವುದು ಬುದ್ಧಿವಂತಿಕೆ.

ಕಾವಲಿನ ಸಾಧನಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹಳೆಯ ಸೀರೆ ಕಟ್ಟುವುದು, ಬೆದರುಬೊಂಬೆ, ಪಟಾಕಿ, ಡಬ್ಬಿ ಬಡಿಯುವುದು ಇವೆಲ್ಲವೂ ಕೆಲವು ದಿನ ಫಲಿಸುತ್ತವೆ. ಕೇಡಿಲ್ಲವೆಂದು ಒಮ್ಮೆ ಅರಿತ ಚಿಗರಿಯು ಅವನ್ನು ಲೆಕ್ಕಿಸುವುದಿಲ್ಲ. ಆದುದರಿಂದ ಸಾಧನವನ್ನು ಆಗಾಗ ಬದಲಿಸುತ್ತಿರಬೇಕು. ಹಿಂಗಾರಿಯಲ್ಲಿ ಜೋಳ, ಕಡಲೆಗಳ ಸುತ್ತ ಕುಸುಬೆಯ ಅಂಚು ಬಿತ್ತುವ ರೂಢಿಯು ಇದಕ್ಕಿಂತ ಮೇಲು. ಮುಳ್ಳು ದನವನ್ನೂ ತಡೆಯುತ್ತದೆ, ಎಣ್ಣೆಯೂ ಸಿಗುತ್ತದೆ. ಸೂರ್ಯಶಕ್ತಿಯ ಬೇಲಿಯು ಕ್ಷಣಕಾಲದ ಮಿಡಿತವನ್ನು ಮಾತ್ರ ಕೊಡುವುದರಿಂದ ಪ್ರಾಣಾಪಾಯವಿಲ್ಲ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದಾದರೋ ಕೊಲೆಗೆ ಸಮಾನ. ಚಿಗರಿಗಿಂತ ಮೊದಲು ನೆರೆಯವನೋ ಮನೆಯ ಮಗನೋ ಬಲಿಯಾಗುವ ಸಂಭವವುಂಟು.

ಬೇಲಿಯ ವಿಷಯದಲ್ಲಿಯೂ ಗಣಿತವೊಂದಿದೆ. ಐದು ಎಕರೆಯ ಚೌಕ ಹೊಲದ ಒಂದು ಮಗ್ಗುಲು ಸುಮಾರು ೧೪೨ ಮೀಟರು. ಸುತ್ತಳತೆ ೫೭೦ ಮೀಟರು. ಎಕರೆಗೆ ೧೧೪ ಮೀಟರು ಬೇಲಿ ಬೇಕಾಯಿತು. ಅಂಥ ನೂರು ಹೊಲಗಳು ಕೂಡಿ ೫೦೦ ಎಕರೆಯ ಒಂದೇ ಚೌಕವಾದರೆ ಸುತ್ತಳತೆ ೫,೭೦೦ ಮೀಟರು. ಎಕರೆಗೆ ಹನ್ನೊಂದೂವರೆ ಮೀಟರಿಗಿಂತ ಕಡಿಮೆ. ಕ್ಷೇತ್ರವು ನೂರು ಮಡಿಯಾದರೆ ಸುತ್ತಳತೆ ಹತ್ತು ಮಡಿ ಮಾತ್ರ ಆಗುವುದರಿಂದ ಒಬ್ಬೊಬ್ಬನ ಪಾಲಿನ ಖರ್ಚು ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಕಾವಲುಗಾರರ ಕೂಲಿಗೂ ಇದೇ ನ್ಯಾಯ. ಆದರೆ ಊರಿಗೆ ಊರೇ ಬೇಲಿ ಹಾಕಿಕೊಂಡರೆ ಹಿಂಡು ಪಕ್ಕದ ಊರಿನ ಮೇಲೆ ಬೀಳುತ್ತದೆಂಬ ಆಕ್ಷೇಪವಿದೆ. ಅದು ನಿಜವೂ ಹೌದು. ಆದುದರಿಂದ ಹಳ್ಳದ ದಂಡೆ, ಗಾಯರಾಣ, ಬೀಳುಭೂಮಿಗಳನ್ನು ಬೇಲಿಯ ಹೊರಗೆ ಬಿಟ್ಟು, ಅಲ್ಲಿ ಹುಲ್ಲು ಬೆಳೆಯಗೊಟ್ಟು, ಒಂದರಿಂದ ಇನ್ನೊಂದಕ್ಕೆ ಹಿಂಡು ದಾಟುವ ಹಾದಿಯನ್ನೂ ಉಳಿಸಬೇಕಾಗುತ್ತದೆ. ಇದು ಒಂದು ಪಂಚಾಯತಿಯ ಕೆಲಸವೂ ಅಲ್ಲ, ಹಲವು ಪಂಚಾಯತಿಗಳು ಕೂಡಿ ಮಾಡಬೇಕಾದುದು.

ಚಿಗರಿಗಳಿಗೊಂದು ಧಾಮ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿರೆಂಬ ಬೇಡಿಕೆ ಈ ಭಾಗದಲ್ಲಿ ಬಹುಕಾಲದ್ದು. ರಾಣೆಬೆನ್ನೂರಿನ ಕೃಷ್ಣಮೃಗಧಾಮವನ್ನು ನೋಡಿದರೆ ಇದರ ಇತಿಮಿತಿ ತಿಳಿಯುತ್ತದೆ. ೧೯೭೪ರಲ್ಲಿ ಸ್ಥಾಪಿತವಾದ ಆ ಧಾಮದ ವಿಸ್ತೀರ್ಣ ೧೧೯ ಚದರ ಕಿಲೋಮೀಟರು. ರಕ್ಷಣೆ ದೊರೆತು ಚಿಗರಿಗಳೇನೋ ಹೆಚ್ಚಿದವು. ಆದರೆ ನೆಲದ ಬಹುಭಾಗ ನೀಲಗಿರಿಯ ನೆಡುತೋಪಾಗಿ ಹುಲ್ಲು ಕಡಿಮೆಯಾಯಿತು. ಹಿಂಡುಗಳು ಸುತ್ತಲಿನ ಹೊಲಗಳಿಗೆ ಹೊರಟವು. ಬಯಲುಹಕ್ಕಿಯಾದ ಎರೆಭೂತ ಅಲ್ಲಿಂದ ಕಾಣೆಯೇ ಆಯಿತು. ಮರ ನೆಟ್ಟರೆ ವನ್ಯಜೀವಿಗೆ ಒಳ್ಳೆಯದೆಂಬ ನಂಬಿಕೆ ಎಲ್ಲ ಕಡೆಗೂ ಸಲ್ಲುವುದಿಲ್ಲ.

ಸಾಗಿಸುವುದೂ ಸುಲಭವಲ್ಲ. ಬೆನ್ನಟ್ಟಿ ಹಿಡಿದ ಚಿಗರಿಯ ಸ್ನಾಯುಗಳು ಅತಿಶ್ರಮ ಮತ್ತು ಭಯದಿಂದ ಕೆಟ್ಟು, ಹಿಡಿದ ಕೆಲವು ತಾಸು ಅಥವಾ ದಿನಗಳಲ್ಲಿ ಪ್ರಾಣಿ ಸಾಯುವುದುಂಟು. ಈ ಕಾರಣದಿಂದ ಆಫ್ರಿಕದಲ್ಲಿ ಬೋಮಾ ಎಂಬ ಪದ್ಧತಿ ಬಳಕೆಗೆ ಬಂತು: ಲಾಳಿಕೆಯಂತೆ ಕಿರಿದಾಗುತ್ತ ಹೋಗುವ ಮರೆಗೋಡೆಗಳ ನಡುವೆ ಹಿಂಡನ್ನು ಮೆಲ್ಲನೆ ನಡೆಸಿ, ಮುಟ್ಟದೆಯೇ ವಾಹನ ಹತ್ತಿಸುವುದು. ೨೦೨೫ರ ಅಕ್ಟೋಬರದಲ್ಲಿ ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ ಹೆಲಿಕಾಪ್ಟರಿನ ನೆರವಿನಿಂದ ಹೀಗೆ ನೂರಾರು ಚಿಗರಿಗಳನ್ನು ಹೊಲಗಳಿಂದ ಹಿಡಿದು ಕಾಡುಗಳಿಗೆ ಒಯ್ದರು. ಸರಕಾರವೇ ಮಾಡಬಹುದಾದ ಕಾರ್ಯವಿದು. ಹಿಡಿದವುಗಳಲ್ಲಿ ಹೆಣ್ಣೆಷ್ಟು, ಉಳಿದ ಹೆಣ್ಣೆಷ್ಟು ಎಂಬುದರ ಮೇಲೆ ಅದರ ಫಲ ಎಷ್ಟು ವರ್ಷ ನಿಲ್ಲುವುದೆಂಬುದು ಅವಲಂಬಿಸಿದೆಯೆಂದು ಮೇಲಿನ ಲೆಕ್ಕದಿಂದ ವಾಚಕರಿಗೆ ಹೊಳೆದಿರಬಹುದು.

ಇವುಗಳಲ್ಲಿ ಯಾವುದನ್ನು ಕೈಕೊಳ್ಳಬೇಕಾದರೂ ಮೊದಲು ಬೇಕಾದುದು ಎಣಿಕೆ. ಊರಿನ ಕಟ್ಟೆಯ ಮೇಲೆ ಕೇಳಿದರೆ ಒಬ್ಬನು ಐದುನೂರು ಎನ್ನುತ್ತಾನೆ, ಇನ್ನೊಬ್ಬನು ಐದು ಸಾವಿರ ಎನ್ನುತ್ತಾನೆ. ಒಂದೇ ಹಿಂಡನ್ನು ಹತ್ತು ಊರಿನವರು ತಮ್ಮ ತಮ್ಮ ಲೆಕ್ಕಕ್ಕೆ ಹಿಡಿದಿರುತ್ತಾರೆ. ಇದನ್ನು ತಪ್ಪಿಸಬೇಕಾದರೆ ಅಕ್ಕಪಕ್ಕದ ಎಲ್ಲ ಊರುಗಳಲ್ಲಿಯೂ ಒಂದೇ ದಿನ, ಒಂದೇ ಹೊತ್ತಿಗೆ ಎಣಿಸಬೇಕು. ಕಾಲೇಜಿನ ವಿದ್ಯಾರ್ಥಿಗಳು ಅರಣ್ಯ ಇಲಾಖೆಯವರೊಡನೆ ಸೇರಿ ಇದನ್ನು ಸುಲಭವಾಗಿ ನಡೆಸಬಹುದು. ಹೊಲಗಳನ್ನು ರಸ್ತೆ, ಹಳ್ಳಗಳ ಗಡಿ ಹಿಡಿದು ತುಂಡುಗಳಾಗಿ ವಿಂಗಡಿಸಿ, ತುಂಡಿಗೆ ಇಬ್ಬರಂತೆ ಸೂರ್ಯೋದಯಕ್ಕೆ ಮೊದಲೇ ನಿಲ್ಲಬೇಕು. ಕಂಡ ಹೊತ್ತು, ಹಿಂಡು ಹೋದ ದಿಕ್ಕು, ಹೊಲದಲ್ಲಿದ್ದ ಬೆಳೆ, ಕರಿಯ ಗಂಡು, ಇನ್ನೂ ಕಂದಾಗಿರುವ ಎಳೆಯ ಗಂಡು, ಹೆಣ್ಣು, ಮರಿ ಇವುಗಳನ್ನು ಬೇರೆ ಬೇರೆ ಕಲಮುಗಳಲ್ಲಿ ಬರೆದುಕೊಳ್ಳಬೇಕು. ನೂರು ಹೆಣ್ಣಿಗೆ ಎಷ್ಟು ಮರಿ ಎಂಬ ಒಂದೇ ಅಂಕೆಯು, ವರ್ಷವರ್ಷವೂ ಬರೆದಿಟ್ಟರೆ, ಹಿಂಡು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಒಳ್ಳೆಯ ಸೂಚನೆ ಕೊಡುತ್ತದೆ. ಪೈರಿನ ನಡುವೆ ಒಂಟಿಯಾಗಿ ಮಲಗಿದ ಮರಿ ಕಂಡರೆ ಅನಾಥವೆಂದು ಎತ್ತಿಕೊಂಡು ಬರಬಾರದು. ತಾಯಿಯೇ ಅದನ್ನು ಅಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಮೇಲಾಗಿ ಎತ್ತಿ ತರುವುದು ಕಾಯಿದೆಗೂ ವಿರುದ್ಧ. ಎಣಿಕೆಗೆ ತಕ್ಕ ಕಾಲವೆಂದರೆ ಹಿಂಗಾರಿಯ ಜೋಳ, ಕಡಲೆಗಳು ರಾಶಿಯಾದ ಮೇಲಿನ ಫೆಬ್ರುವರಿ, ಮಾರ್ಚಿ ತಿಂಗಳುಗಳು. ಆಗ ಎರೆಯ ಬಯಲು ಬರಿದಾಗಿ, ಒಂದು ಮೈಲಿ ದೂರದ ಚಿಗರಿಯೂ ದುರ್ಬೀನಿಗೆ ಸ್ಪಷ್ಟವಾಗಿ ಕಾಣುತ್ತದೆ.